ಮನೆಯ ಮೂಲೆಯಲ್ಲೊಂದು ಹಗೇವು

ಬರದ ಸೀಮೆಯವರಿಗೆ ಹಗೇವಿನ ಬೆಲೆ ಗೊತ್ತು. ಸುಗ್ಗಿಯ ಜೋಳವನ್ನು ನೆಲದೊಳಗೆ ತುಂಬಿ ಬಾಯಿ ಮೆತ್ತಿಟ್ಟರೆ, ಬೇಕಾದಾಗ ಮನೆಯ ಕಾಳು ಮನೆಯವರ ಕೈಗೇ ಸಿಗುತ್ತಿತ್ತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಮನೆಗಳಲ್ಲಿ ಈಗ ಕೂಡಿಡಬೇಕಾದದ್ದು ಕಾಳಷ್ಟೇ ಅಲ್ಲ. ಮರಾಠಿಯ ಸಾತ್‌ಬಾರಾ ಉತಾರ ಎಂಬ ಜಮೀನಿನ ದಾಖಲೆ, ಮಕ್ಕಳ ಕನ್ನಡ ಪಠ್ಯಪುಸ್ತಕ, ಗುಡ್ಡಾಪುರದ ದಾನಮ್ಮನ ಜಾತ್ರೆಯ ಫೋಟೊ, ಅಜ್ಜಿ ಹಾಡಿದ ಬೀಸುವ ಪದ, ಎಲ್ಲವೂ ಒಂದೊಂದು ಮೊಬೈಲಿನಲ್ಲಿ ಚದುರಿವೆ. ಮೊಬೈಲ್ ಕೆಟ್ಟರೆ ಅವೂ ಹೋದವು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರ್ ಇವಕ್ಕೆಲ್ಲ ಹಗೇವಾಗಬಲ್ಲದು. ಅದೇ ಹೋಮ್ ಸರ್ವರ್.

ಅಂಥ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇರಬಹುದು. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಯಂತ್ರಗಳಲ್ಲಿ ಉಚಿತವಾದ ಡೆಬಿಯನ್ ಲಿನಕ್ಸ್ ಸುಖವಾಗಿ ಓಡುತ್ತದೆ. ಬರೀ ಅಕ್ಷರದ ಪರದೆ ಸಾಕೆಂದರೆ 2 ಜಿಬಿ ರ್‍ಯಾಮ್ ಧಾರಾಳ. ಆದರೆ 64 ಬಿಟ್ ಯಂತ್ರವೇ ಇರಲಿ. 2025ರಲ್ಲಿ ಬಂದ ಡೆಬಿಯನ್ 13ನ್ನು ಹಳೆಯ 32 ಬಿಟ್ ಯಂತ್ರಗಳಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ.

ನಮ್ಮ ಕಡೆಗೆ ಲ್ಯಾಪ್‌ಟಾಪೇ ಮೇಲು. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಮುಚ್ಚಳ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಬೇಕು. ಬ್ಯಾಟರಿ ಉಬ್ಬಿದ್ದರೆ ತಡಮಾಡದೆ ತೆಗೆಸಬೇಕು. 15 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲಿರುಳು ಓಡಿದರೂ ತಿಂಗಳಿಗೆ ಸುಮಾರು 11 ಯೂನಿಟ್ ವಿದ್ಯುತ್ ಸಾಕು.

ದೂರದಿಂದ ತೆರೆಯಬಲ್ಲ ಈ ಹಗೇವಿನ ಬೀಗ ಎಸ್‌ಎಸ್‌ಎಚ್. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದಾಗ ಅಲ್ಲಿನ ಸಂಶೋಧಕ ತಾತು ಇಲೋನೆನ್ 1995ರಲ್ಲಿ ಈ ತಂತ್ರಾಂಶವನ್ನು ಬರೆದರು. ಎರಡು ಕೀಲಿ ಮಾಡಿ, ಗುಟ್ಟಿನ ಕೀಲಿಯನ್ನು ನಮ್ಮಲ್ಲಿಟ್ಟುಕೊಂಡು, ಇನ್ನೊಂದನ್ನು ಸರ್ವರಿನಲ್ಲಿಡಬೇಕು. ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನೇ ಮುಚ್ಚಬೇಕು. ಆಗ ಪುಣೆಯಲ್ಲಿ ದುಡಿಯುವ ಮಗ ಒಂದು ಸಾಲು ಟೈಪ್ ಮಾಡಿದರೆ ಜತ್ತ ತಾಲ್ಲೂಕಿನ ಸಂಖದ ಮನೆಯ ಯಂತ್ರ ಓಗೊಡುತ್ತದೆ.

ತೊಡಕು ಒಂದಿದೆ. ಅನೇಕ ಇಂಟರ್‌ನೆಟ್ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ. ಹೊರಗಿನವರು ಕದ ತಟ್ಟಿದರೆ ಯಾವ ಮನೆಗೂ ಕೇಳಿಸದು. ಇದಕ್ಕೆ ಮದ್ದು, ಮನೆಯ ಯಂತ್ರವೇ ಒಳಗಿನಿಂದ ಹೊರಗೆ ಗುಪ್ತ ಸುರಂಗ ತೋಡುವುದು. 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರೊಳಗೇ ಸೇರಿದ ವೈರ್‌ಗಾರ್ಡ್, ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಈ ಕೆಲಸ ಮಾಡುತ್ತವೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಉಪಯೋಗ ಕನ್ನಡದ್ದು. ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅವುಗಳ ಪಿಡಿಎಫ್ ಒಮ್ಮೆ ಇಳಿಸಿಟ್ಟರೆ ಸಾಕು. ಒಂದೇ ಕಡತವಾಗಿ ಕಟ್ಟಿದ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ತಂತ್ರಾಂಶ ತೆರೆದು ತೋರಿಸುತ್ತದೆ. ಇಂಟರ್‌ನೆಟ್ ಇಲ್ಲದ ದಿನವೂ ಮನೆಯ ವೈಫೈ ಹಿಡಿದು ಪಡಸಾಲೆಯಲ್ಲಿ ಕುಳಿತ ಹುಡುಗಿ ತನ್ನ ನುಡಿಯಲ್ಲೇ ಹುಡುಕಿ ಓದಬಹುದು. ಗಡಿಯಲ್ಲಿ ಕನ್ನಡ ಪುಸ್ತಕಕ್ಕಾಗಿ ಕಾಯುವ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಒಂದೇ ಹಗೇವನ್ನು ನಂಬಿ ಕೂರಬಾರದು. ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ತೆಗೆಯಬೇಕು. ಲಿನಕ್ಸ್ ಹಾಕುವಾಗ ಹಳೆಯ ಕಡತಗಳು ಅಳಿದುಹೋಗಬಹುದು, ಅವನ್ನೂ ಮೊದಲೇ ತೆಗೆದಿಡಬೇಕು. ಗುಜರಿಯವನು ಕೂಗುತ್ತ ಬಂದಾಗ ಆ ಹಳೆಯ ಕಂಪ್ಯೂಟರನ್ನು ಕೊಟ್ಟುಬಿಡಬೇಡಿ. ಧೂಳು ಕೊಡವಿ, ಒಮ್ಮೆ ಸ್ವಿಚ್ ಹಾಕಿ ನೋಡಿ.