ಮೈಸೂರಿಗೆ ಓಡುವ ಮುಂಚೆ



ಯಾವ ಸಂಘದ ಸಾಲದ ಪುಸ್ತಕ ತೆಗೆದರೂ "ಆಸ್ಪತ್ರೆ ಖರ್ಚು" ಅಂತ ಬರೆದ ಸಾಲ ಇದ್ದೇ ಇರುತ್ತದೆ. ಹಸು ತರಲು, ಅಂಗಡಿ ಇಡಲು ಕೂಡಿಟ್ಟ ಉಳಿತಾಯ ಮೈಸೂರಿನ ಖಾಸಗಿ ಆಸ್ಪತ್ರೆ ಸೇರುತ್ತದೆ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಏನೇನು ಸಿಗುತ್ತದೆ ಅಂತ ತಿಳಿದಿದ್ದರೆ ಇದರಲ್ಲಿ ಎಷ್ಟೋ ಸಾಲ ಬೇಕಾಗುತ್ತಲೇ ಇರಲಿಲ್ಲ.

ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 80,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ಜ್ವರ, ಚುಚ್ಚುಮದ್ದು, ಗರ್ಭಿಣಿ ತಪಾಸಣೆ ಮೊದಲ ಎರಡರಲ್ಲೇ ಮುಗಿಯುತ್ತವೆ. ಸಮುದಾಯ ಕೇಂದ್ರದಲ್ಲಿ 30 ಹಾಸಿಗೆ, ಹೆರಿಗೆ ತಜ್ಞರು, ಮಕ್ಕಳ ಡಾಕ್ಟರು, ಆಪರೇಷನ್ ಮಾಡುವ ಡಾಕ್ಟರು, ಎಕ್ಸ್‌ರೇ, ಲ್ಯಾಬ್ ಇರಬೇಕು. ಇರಬೇಕು ಅಂತಲೇ ಬರೆದಿದ್ದೇವೆ, ಏಕೆಂದರೆ ಎಲ್ಲ ಕಡೆ ಎಲ್ಲ ಡಾಕ್ಟರೂ ಇರುವುದಿಲ್ಲ. ಅದಕ್ಕೇ ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ: "ಇಲ್ಲಿ ಸಿಸೇರಿಯನ್ ಮಾಡ್ತಾರಾ? ಇಲ್ಲಾಂದ್ರೆ ಎಲ್ಲಿಗೆ ಕಳಿಸ್ತಾರೆ?"

ಕಾಕನಕೋಟೆ ಕಾಡಿನ ಬಳ್ಳೆ, ಡಿ.ಬಿ.ಕುಪ್ಪೆ ಕಡೆಯ ಹಾಡಿಗಳವರು ಇದನ್ನು ಮೊದಲೇ ಕೇಳಲೇಬೇಕು. ಆ ಕಾಡಿನೊಳಗಿನ ಮಾನಂದವಾಡಿ ರಸ್ತೆಯಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸ್‌ಗೆ ತಡೆ ಇಲ್ಲ, ಆದರೆ ಅದು ಬಂದು ಮುಟ್ಟಬೇಕಲ್ಲ! ದಿನ ತುಂಬಿದವರನ್ನು ನೋವು ಬರುವ ಮುಂಚೆಯೇ ಆಸ್ಪತ್ರೆಗೆ ಸೇರಿಸುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಮನೆಗೆ ವಾಪಸು ಬಿಡುವ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಉಚಿತ. ತಾಯಿ ಕಾರ್ಡ್ ಮರೆಯಬೇಡಿ. ಇದೇ ಭಾಗದ ಕೆಂಚನಹಳ್ಳಿ, ಸರಗೂರುಗಳಲ್ಲಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆಸ್ಪತ್ರೆ ಕಟ್ಟಿದ್ದು ಹಾಡಿಯವರಿಗೆ ಮೈಸೂರು ದೂರವಾಗಿದ್ದರಿಂದಲೇ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಶುರು ಮಾಡಿದ ಸಂಸ್ಥೆ ಅದು.

ಹತ್ತಿ, ಹೊಗೆಸೊಪ್ಪಿನ ಹೊಲದಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ವಿಷಕ್ಕೆ ಮದ್ದು ಆಸ್ಪತ್ರೆಯ ಇಂಜೆಕ್ಷನ್ ಒಂದೇ.

ಇನ್ನು ದುಡ್ಡಿನ ಮಾತು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯವರು ಶಿಫಾರಸು ಚೀಟಿ ಕೊಡಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಚೀಟಿ ಇಲ್ಲದೆ ನೇರವಾಗಿ ಮೈಸೂರಿಗೆ ಹೋದವರೇ ಆಮೇಲೆ ಸಂಘಕ್ಕೆ ಸಾಲ ಕೇಳಲು ಬರುವುದು.

ಮುಂದಿನ ವಾರದ ಸಭೆಯಲ್ಲಿ ಸಾಲದ ಪುಸ್ತಕದ ರಟ್ಟಿನ ಮೇಲೆ 108, ಆಶಾ ಕಾರ್ಯಕರ್ತೆಯ ನಂಬರು, ಹೆರಿಗೆ ಡಾಕ್ಟರು ಬರುವ ದಿನ, ಈ ಮೂರನ್ನೂ ಬರೆದಿಡಿ.