ಹಾದಿಗೆ ಹಂಗಿಲ್ಲದಿರಲಿ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು. ಹಣವುಳ್ಳ ಕಂಪನಿಗೇ ಮೊದಲ ಮಣೆ!

ಅಂತರ್ಜಾಲದಲ್ಲಿಯೂ ಹಾಗಾಗಬೇಕೆ? 2001ರಲ್ಲಿ ಗಣಿಗಳು ಮುಚ್ಚಿದವು. ಇಂದು ಕೆ.ಜಿ.ಎಫ್.ನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಹೋಗುವ ತರುಣರಿಗೆ ಕೈಯಲ್ಲಿನ ಮೊಬೈಲೇ ಪಾಠಶಾಲೆ, ಅದೇ ಉದ್ಯೋಗದ ಹೆಬ್ಬಾಗಿಲು. ‘ಇಳಿದ ಮೇಲೆ ಯಾರ ಅಂಗಡಿಗೆ ಹೋಗುವೆ?’ ಎಂದು ಕೇಳಿ ರೈಲಿನ ಟಿಕೆಟ್ಟಿಗೆ ದರ ಕಟ್ಟುವುದುಂಟೆ?

ಆಯ್ದ ಕೆಲವು ತಾಣಗಳನ್ನಷ್ಟೇ ಪುಕ್ಕಟೆಯಾಗಿ ತೋರಿಸುವ ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಯೋಜನೆ ಬಂದಾಗ ದೇಶದಾದ್ಯಂತ ಚರ್ಚೆಯೆದ್ದಿತು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ತಾಣಕ್ಕೊಂದು ದರ ವಿಧಿಸುವ ಪದ್ಧತಿಯನ್ನೇ ನಿಷೇಧಿಸಿತು.

ಪುಕ್ಕಟೆಯೆಂಬ ಮಾತು ಸಿಹಿ. ಆದರೆ ಉಳಿದ ಬಾಗಿಲುಗಳು ದುಬಾರಿಯಾದರೆ ಹೊರಗುಳಿಯುವವನು ಬಡ ವಿದ್ಯಾರ್ಥಿಯೇ ಅಲ್ಲವೆ? ಈ ನಿಯಮವನ್ನು ಕಾಯ್ದುಕೊಳ್ಳುವ ಹೊಣೆ ನಮ್ಮೆಲ್ಲರದು.