ಜಟಿಂಗ ರಾಮನ ವರದ ಮಗ, ದೊಂರೆಮಿಯ ಮಗಳು

ಹೆತ್ತ ತಂದೆಯೇ ಮಗನ ತಲೆ ತೆಗೆಯಿರಿ ಎಂದು ಅಪ್ಪಣೆ ಕೊಟ್ಟ ಕಥೆ ನಮ್ಮ ನಾಡಿನದು. ತಂದೆ ಕಂಪಿಲರಾಯ, ಮಗ ಕುಮಾರರಾಮ. ಮಂತ್ರಿ ಬೈಚಪ್ಪ ಅರಸನ ಮಾತಿಗೆ ಹೂಂಗುಟ್ಟಿ, ರಾಮನನ್ನೂ ಅವನ ಜೊತೆಗಾರರನ್ನೂ ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಅವರನ್ನು ಹೋಲುವ ಬೇರೆ ತಲೆಗಳನ್ನು ಅರಮನೆಗೆ ಒಪ್ಪಿಸಿದ. ಆ ಬದಲಿ ತಲೆಗಳನ್ನು ಹೊತ್ತಿದ್ದವರು ಯಾವ ತಾಯಂದಿರ ಮಕ್ಕಳೋ ಎಂಬ ಪ್ರಶ್ನೆ ಈ ಕಥೆ ಕೇಳಿದಾಗಲೆಲ್ಲ ನನ್ನನ್ನು ಕಾಡುತ್ತದೆ. ಕಥೆ ಮಾತ್ರ ಮುಂದೆ ಸಾಗುತ್ತದೆ. ಶತ್ರು ಕೋಟೆಗೆ ಮುತ್ತಿಗೆ ಹಾಕಿದಾಗ ಅರಸನಿಗೆ ಮಗನ ನೆನಪಾಗುತ್ತದೆ. ಅವನು ಎದೆ ಬಡಿದುಕೊಂಡು ಅಳುತ್ತಾನೆ. ಬೈಚಪ್ಪ ನೆಲಮಾಳಿಗೆಯ ಬಾಗಿಲು ತೆರೆಯುತ್ತಾನೆ. ಹೊರಗೆ ಬಂದ ರಾಮ ತಂದೆಯನ್ನು ಒಂದು ಮಾತೂ ಅನ್ನದೆ ಕುದುರೆ ಏರುತ್ತಾನೆ.

ಇದು ಹಾಡಿನ ರಾಮ. ಅವನ ಬೆನ್ನಿಗೆ ಗಟ್ಟಿಯಾದ ಇತಿಹಾಸವೂ ಇದೆ. 1320ರ ದಶಕದಲ್ಲಿ ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಕಂಪಿಲಿ ಎಂಬ ಪುಟ್ಟ ರಾಜ್ಯವಿತ್ತು. ಅದನ್ನು ಕಟ್ಟಿದವನು ಮುಮ್ಮಡಿ ಸಿಂಗೆಯ ನಾಯಕ, ಬೆಳೆಸಿದವನು ಅವನ ಮಗ ಕಂಪಿಲದೇವ. ಹಂಪಿಯ ಹೇಮಕೂಟದ ಮೇಲೆ ವೀರ ಕಂಪಿಲದೇವ ತಂದೆಯ ನೆನಪಿಗೆ ಗುಡಿ ಕಟ್ಟಿಸಿ ಮೂರು ಲಿಂಗಗಳನ್ನು ಸ್ಥಾಪಿಸಿದ್ದಕ್ಕೆ ಶಾಸನವಿದೆ. ಹಂಪಿ ನೋಡಲು ಹೋದವರು ವಿರೂಪಾಕ್ಷನ ಗೋಪುರಕ್ಕೆ ಬೆನ್ನು ಹಾಕಿ ಬಂಡೆ ಏರಿದರೆ ಸಿಗುವ ಆ ಗುಡಿ ವಿಜಯನಗರಕ್ಕಿಂತ ಹಳೆಯದು. ರಾಜ್ಯದ ಗಟ್ಟಿ ನೆಲೆ ಈಗಿನ ಗಂಗಾವತಿ ಸೀಮೆಯ ಕುಮ್ಮಟದುರ್ಗ.

ಆಗ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದ. ಅವನ ಬಂಧುವೇ ಆದ ಬಹಾಉದ್ದೀನ್ ಗುರ್ಷಾಸ್ಪ್ ದಂಗೆಯೆದ್ದು ಸೋತು ಕಂಪಿಲನ ಬಳಿ ಓಡಿಬಂದ. ಮರೆಹೊಕ್ಕವನನ್ನು ಒಪ್ಪಿಸಲು ಕಂಪಿಲ ಒಪ್ಪಲಿಲ್ಲ. ದೆಹಲಿಯ ದಂಡು ಮತ್ತೆ ಮತ್ತೆ ಬಂತು, ಕೋಟೆಯೊಳಗೆ ಕಾಳು ಮುಗಿಯಿತು. ಗುರ್ಷಾಸ್ಪ್‌ನನ್ನು ಹೊಯ್ಸಳ ಬಲ್ಲಾಳನ ಕಡೆಗೆ ಸಾಗಹಾಕಿದ ಕಂಪಿಲ ಹೆಂಗಸರಿಗಾಗಿ ಬೆಂಕಿ ಹಾಕಿಸಿದ. ಆಮೇಲೆ ಮೈಗೆ ಗಂಧ ಬಳಿದುಕೊಂಡು ಹೊರಬಿದ್ದು ಕಾದಾಡಿ ಸತ್ತ. ಕೆಲವು ವರ್ಷಗಳ ಬಳಿಕ ಇಂಡಿಯಾಕ್ಕೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇದನ್ನೆಲ್ಲ ಬರೆದಿಟ್ಟ. ಕಂಪಿಲಿ ಬಿದ್ದದ್ದು 1327ರಲ್ಲಿ.

ಈ ಕಥೆಯ ಬೇರು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದೆ ಎಂಬುದು ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ರಾಮ ಹುಟ್ಟಿದ್ದು ಜಟಿಂಗ ರಾಮೇಶ್ವರನ ವರದಿಂದ. ರಾಮ, ರಾಮನಾಥ ಎಂಬ ಹೆಸರು ಬಂದದ್ದೂ ಆ ದೇವರಿಂದಲೇ. ಈ ಜಟಿಂಗ ರಾಮೇಶ್ವರ ಮೊಳಕಾಲ್ಮೂರು ತಾಲ್ಲೂಕಿನ ಬೆಟ್ಟ. ಅಶೋಕನ ಶಾಸನ ಇರುವ ಮೂರು ನೆರೆಹೊರೆಯ ಜಾಗಗಳಲ್ಲಿ ಬ್ರಹ್ಮಗಿರಿ, ಸಿದ್ದಾಪುರಗಳ ಜೊತೆಗೆ ಇದೂ ಒಂದು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆಹಚ್ಚಿದ ಮೇಲೆ ಪಠ್ಯಪುಸ್ತಕಗಳಲ್ಲಿ ಬೆಟ್ಟದ ಹೆಸರು ಅಶೋಕನ ಜೊತೆಗೇ ಬರತೊಡಗಿತು. ಸುತ್ತಲಿನ ಜನರಿಗೆ ಮಾತ್ರ ಅದು ಸೀತೆಗಾಗಿ ಹೋರಾಡಿದ ಜಟಾಯು ಬಿದ್ದ ಜಾಗ. ಸೋಲುತ್ತೇನೆಂದು ಗೊತ್ತಿದ್ದೂ ರಾವಣನಿಗೆ ಅಡ್ಡ ನಿಂತ ಹಕ್ಕಿಯ ಹೆಸರಿನ ಬೆಟ್ಟ. ಅಂಥ ಬೆಟ್ಟದ ದೇವರು ಕೊಟ್ಟ ಮಗ ದೆಹಲಿಯ ದಂಡಿಗೆ ಅಡ್ಡ ನಿಂತು ಸತ್ತ.

ರಾಮ ಸತ್ತು 85 ವರ್ಷ ಕಳೆದ ಮೇಲೆ, 1412ರ ಸುಮಾರಿಗೆ, ಫ್ರಾನ್ಸಿನ ಪೂರ್ವದಂಚಿನ ದೊಂರೆಮಿ ಎಂಬ ಹಳ್ಳಿಯಲ್ಲಿ, ಅವನ ಹಾಗೆಯೇ ಶತ್ರುವಿನ ದಂಡಿಗೆ ಅಡ್ಡ ನಿಲ್ಲಲಿದ್ದ ಒಬ್ಬ ಹುಡುಗಿ ಹುಟ್ಟಿದಳು. ಜೋನ್ ಆಫ್ ಆರ್ಕ್. ಕುರಿ ಕಾಯುವ ಹುಡುಗಿಯೆಂದೇ ಅವಳು ಹೆಸರಾದಳು. ಮುಂದೆ ಶತ್ರುಗಳು ನಡೆಸಿದ ವಿಚಾರಣೆಯಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಂಡದ್ದು ನೂಲುವುದರಲ್ಲಿ, ಹೊಲಿಯುವುದರಲ್ಲಿ ತನಗಿದ್ದ ಕೈಚಳಕವನ್ನು. ಹದಿಮೂರರ ವಯಸ್ಸಿನಲ್ಲಿ, ಬೇಸಿಗೆಯ ನಡುಹಗಲು, ಅಪ್ಪನ ತೋಟದಲ್ಲಿದ್ದಾಗ ಅವಳಿಗೆ ಮೊದಲ ಸಲ ದನಿ ಕೇಳಿಸಿತು. ಚರ್ಚು ಇದ್ದ ಕಡೆಯಿಂದ ಬಂತು, ಜೊತೆಗೆ ಬೆಳಕೂ ಇತ್ತು ಎಂದಳು. ಮಿಕಾಯೇಲ, ಕ್ಯಾಥರೀನ್, ಮಾರ್ಗರೇಟ್ ಎಂಬ ಸಂತರು ಮಾತಾಡಿದರು ಎಂದಳು. ಇಂಗ್ಲಿಷರನ್ನು ಓಡಿಸು, ಯುವರಾಜನಿಗೆ ಪಟ್ಟ ಕಟ್ಟಿಸು ಎಂಬುದು ಆ ದನಿಗಳ ಅಪ್ಪಣೆ.

1429ರ ಏಪ್ರಿಲ್ ಕೊನೆಯಲ್ಲಿ ಅವಳು ಮುತ್ತಿಗೆಯಲ್ಲಿದ್ದ ಓರ್ಲಿಯಾನ್ ಪಟ್ಟಣ ಹೊಕ್ಕಳು. ತಿಂಗಳುಗಟ್ಟಲೆ ಬಿಡಿಸಲಾಗದಿದ್ದ ಮುತ್ತಿಗೆ ಮೇ 8ಕ್ಕೆ ಬಿಟ್ಟುಹೋಯಿತು. ಹಿಂದಿನ ದಿನ ಹೆಗಲಿಗೆ ಬಾಣ ನೆಟ್ಟಿದ್ದರೂ ಅವಳು ಕಾಳಗದ ಕಣಕ್ಕೆ ಮರಳಿದ್ದಳು. ಜುಲೈ 17ರಂದು ರೀಮ್ಸ್ ಚರ್ಚಿನಲ್ಲಿ ಏಳನೆಯ ಚಾರ್ಲ್ಸ್‌ಗೆ ಪಟ್ಟವಾದಾಗ ತನ್ನ ಬಾವುಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಕತ್ತಿಗಿಂತ ಆ ಬಾವುಟವೇ ತನಗೆ ಹೆಚ್ಚು ಇಷ್ಟ, ಯಾರನ್ನೂ ಕೊಲ್ಲಬಾರದೆಂದೇ ಅದನ್ನು ಹಿಡಿದು ನಡೆಯುತ್ತಿದ್ದೆ ಎಂದು ಆಮೇಲೆ ಹೇಳಿದಳು. ಆಗ ಅವಳಿಗೆ 17 ವರ್ಷ.

ಹೊಳಲ್ಕೆರೆಯದೋ ಹೊಸದುರ್ಗದ್ದೋ ಒಂದು ಹಳ್ಳಿಯ ಅಜ್ಜಿಗೆ ಈ ಹುಡುಗಿಯ ಕಥೆ ಹೇಳಿದರೆ ಅವರು ಬೆರಗಾಗುವುದಿಲ್ಲ. ಅಮ್ಮ ಮೈಮೇಲೆ ಬರುವುದು, ಹೇಳಿಕೆ ಆಗುವುದು, ಹೇಳಿಕೆ ಆದವರ ಮಾತಿಗೆ ಗೌಡರೂ ತಲೆಬಾಗುವುದು ನಮ್ಮ ಸೀಮೆಯ ಜಾತ್ರೆಗಳಲ್ಲಿ ಇಂದಿಗೂ ಉಂಟು. ಅಂಥವರ ಮುಂದೆ ಜನ ತೆಂಗಿನಕಾಯಿ ಹಿಡಿದು ನಿಲ್ಲುತ್ತಾರೆ, ಮಳೆ ಯಾವಾಗ, ಮಗಳ ಮದುವೆ ಯಾವಾಗ ಎಂದು ಕೇಳುತ್ತಾರೆ. ಮುಂದೆ ಇಂಗ್ಲಿಷರ ಸೆರೆಯಾದ ಜೋನ್‌ಳನ್ನು ರೂವಾಂ ಊರಿನ ಕೋರ್ಟು ಕೇಳಿದ ಪ್ರಶ್ನೆಗಳೇ ಬೇರೆ. ಆ ಸಂತರಿಗೆ ಕೂದಲಿತ್ತೇ? ಮಿಕಾಯೇಲ ಬಟ್ಟೆ ತೊಟ್ಟಿದ್ದನೇ? ಮಾರ್ಗರೇಟ್ ಇಂಗ್ಲಿಷ್ ಮಾತಾಡುತ್ತಾಳೆಯೇ? ಅವಳು ಇಂಗ್ಲಿಷರ ಕಡೆಯವಳೇ ಅಲ್ಲವಲ್ಲ, ಆ ಭಾಷೆ ಯಾಕೆ ಆಡುತ್ತಾಳೆ ಎಂದು ಜೋನ್ ತಿರುಗಿ ಕೇಳಿದಳು. ಓದುಬರಹ ಬಾರದ ಹಳ್ಳಿಯ ಹುಡುಗಿ. ಎದುರಿಗೆ ಬಿಷಪ್ ಪಿಯರ್ ಕೋಶೋ, ಸುತ್ತ ಡಜನುಗಟ್ಟಲೆ ಪಂಡಿತರು. ಲೇಖಕರು ಪ್ರತಿ ಸವಾಲು ಜವಾಬನ್ನೂ ಬರೆದುಕೊಳ್ಳುತ್ತಿದ್ದರು. ಅವಳನ್ನು ಸುಡಲೆಂದು ಮಾಡಿಟ್ಟ ಆ ದಾಖಲೆಯಿಂದಲೇ ಅವಳ ದನಿ ಇಂದಿಗೂ ನಮಗೆ ಕೇಳುತ್ತದೆ. ನಮ್ಮ ರಾಮನಿಗೆ ಆ ಭಾಗ್ಯವಿಲ್ಲ. ಅವನ ಬಾಯಿಂದ ಬಂದ ಒಂದು ಮಾತೂ ಎಲ್ಲೂ ಉಳಿದಿಲ್ಲ. ದೈವದ ದನಿ ಕೇಳಿಸಿಕೊಂಡದ್ದೂ ಅವನಲ್ಲ, ಅವನ ಹೆತ್ತವರು.

ಆದರೂ ಇವರಿಬ್ಬರನ್ನು ಒಟ್ಟಿಗೆ ನೆನೆಯಲು ನನಗೆ ಬಲವಾದ ಕಾರಣವಿದೆ. ಇಬ್ಬರ ಮೇಲೂ ಬಂದ ಅಪವಾದ ಶೀಲದ್ದು. ಜೋನ್ ತನ್ನನ್ನು ಕರೆದುಕೊಂಡದ್ದೇ ಕನ್ಯೆ ಎಂದು. ಸೇನೆಯಲ್ಲಿ ಗಂಡಸರ ನಡುವೆ ಮಲಗಿದವಳು, ಗಂಡಸಿನ ಉಡುಪು ತೊಟ್ಟವಳು ಎಂದು ಶತ್ರುಗಳು ಅವಳನ್ನು ಹಳಿದರು. ಒಂದಲ್ಲ, ಹಲವು ಸಲ ಹೆಂಗಸರ ಕೈಯಲ್ಲಿ ಅವಳ ಮೈ ಪರೀಕ್ಷೆ ಮಾಡಿಸಿದರು. ರಾಮನ ಬಿರುದು ಪರದಾರ ಸೋದರ. ಪರರ ಹೆಂಡಿರೆಲ್ಲರಿಗೂ ಅಣ್ಣ ತಮ್ಮ. ಚೆಂಡಾಟದ ದಿನ ಅವನ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು. ತರಲು ಹೋದವನ ಸೆರಗನ್ನು ಅವಳು ಹಿಡಿದಳು. ಅವನು ಕೊಸರಿಕೊಂಡು ಬಂದ. ಅವಳು ಮೈ ಪರಚಿಕೊಂಡು ಗಂಡನ ಮುಂದೆ ಅತ್ತಳು. ಕಂಪಿಲರಾಯ ಮಗನನ್ನು ಕರೆದು ಒಂದು ಮಾತೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ರತ್ನಾಜಿಯ ಮೇಲಲ್ಲ, ಆ ಅರಸನ ಮೇಲೆ. ಮುದಿ ವಯಸ್ಸಿನಲ್ಲಿ ಮಗನಿಗೊಪ್ಪುವ ಪ್ರಾಯದವಳನ್ನು ತಂದುಕೊಂಡವನು ಅವನೇ. ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿದ ಹಾಡುಗಳು ಅರಸನನ್ನು ಇಷ್ಟು ಸುಲಭವಾಗಿ ಬಿಡಬಾರದಿತ್ತು.

ಚಾರ್ಲ್ಸ್ ದೊರೆಯೂ ಅಂಥವನೇ. 1430ರ ಮೇ 23ರಂದು ಕಾಂಪಿಯೇನ್ ಪಟ್ಟಣದ ಹೊರಗೆ ಜೋನ್ ಕಾದಾಡುತ್ತಿದ್ದಾಗ ಸೇತುವೆ ಮೇಲೆತ್ತಿಬಿಟ್ಟರು. ಒಳಗೆ ಬರಲಾಗದೆ ಅವಳು ಇಂಗ್ಲಿಷರ ಜೊತೆಗಿದ್ದ ಬರ್ಗಂಡಿಯವರ ಕೈಗೆ ಸಿಕ್ಕಳು. ಅವರು 10,000 ಲಿವ್ರ್ ಹಣಕ್ಕೆ ಅವಳನ್ನು ಇಂಗ್ಲಿಷರಿಗೆ ಮಾರಿದರು. ಅವಳಿಂದಲೇ ಕಿರೀಟ ಕಂಡ ದೊರೆ ಅವಳನ್ನು ಬಿಡಿಸಿಕೊಳ್ಳಲಿಲ್ಲ. 1431ರ ಮೇ 30ರಂದು ರೂವಾಂನ ಸಂತೆಮಾಳದಲ್ಲಿ ಅವಳನ್ನು ಸುಟ್ಟರು. ಬೂದಿಯನ್ನು ಸೀನ್ ನದಿಗೆ ಎಸೆದರು, ಯಾರೂ ಎತ್ತಿಟ್ಟುಕೊಂಡು ಪೂಜಿಸದಿರಲಿ ಎಂದು.

ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1455ರ ನವೆಂಬರ್‌ನಲ್ಲಿ, ಜೋನ್‌ಳ ಮುದಿ ತಾಯಿ ಇಸಾಬೆಲ್ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ ನಿಂತು ಮಗಳಿಗೆ ನ್ಯಾಯ ಬೇಡಿದಳು. ಮರುವಿಚಾರಣೆ ನಡೆಯಿತು. ದೊಂರೆಮಿಯ ರೈತರಿಂದ ಹಿಡಿದು ಅವಳ ಜೊತೆ ಕಾದಿದ ದಳಪತಿಗಳವರೆಗೆ ನೂರಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. 1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು. ಚರ್ಚು ಅವಳನ್ನು ಸಂತಳೆಂದು ಘೋಷಿಸಿದ್ದು 1920ರಲ್ಲಿ.

ಕುಮಾರರಾಮನಿಗೆ ಕೋರ್ಟು ಇರಲಿಲ್ಲ. ಅವನ ಮರುವಿಚಾರಣೆ ಹಾಡಿನಲ್ಲಿ ನಡೆಯಿತು ಎಂದೇ ನಾನು ನಂಬಿದ್ದೇನೆ. ಅವನು ಸತ್ತು ಸುಮಾರು ಇನ್ನೂರು ವರ್ಷದ ಮೇಲೆ, 16ನೇ ಶತಮಾನದಲ್ಲಿ, ನಂಜುಂಡ ಕವಿ ಸಾಂಗತ್ಯದಲ್ಲಿ ಆ ಕಥೆಯನ್ನು ಬರೆದ. ಅವನ ಹಿಂದೆ ಮುಂದೆ ಬೇರೆ ಕವಿಗಳೂ ಬರೆದರು. ಅವರಿಗೆಲ್ಲ ಸರಕು ಒದಗಿಸಿದ್ದು ಜನರ ನಾಲಗೆ. ಓರುಗಲ್ಲಿನಿಂದ ತಂದ ಬೊಲ್ಲ ಎಂಬ ಕುದುರೆ, ಬೆನ್ನಿಗೆ ನಿಂತ ಕಾಟಣ್ಣ, ಎದುರು ಪಾಳೆಯದಿಂದ ಕೊನೆಗೆ ರಾಮನನ್ನು ಕೆಡವಿದ ಮಾತಂಗಿ ಎಂಬ ವೀರ ಹೆಣ್ಣು. ಈ ಹಾಡುಗಳಲ್ಲಿ ಯುದ್ಧಕ್ಕೆ ಕಾರಣ ಗುರ್ಷಾಸ್ಪ್ ಒಬ್ಬನೇ ಅಲ್ಲ. ಸುಲ್ತಾನನ ಮಗಳು ರಾಮನ ಚಿತ್ರ ನೋಡಿ ಮನಸೋತದ್ದೂ ಕಾರಣ. ಚರಿತ್ರೆ ಒಪ್ಪದ ಮಾತು ಇದು. ಆದರೆ ಹಾಡುವವರಿಗೆ ಯುದ್ಧದ ಕಾರಣಕ್ಕಿಂತ ಅವನ ನಡತೆ ಮುಖ್ಯವಾಗಿತ್ತು. ಚಿಕ್ಕತಾಯಿ ಸೆರಗು ಹಿಡಿದಾಗ ಏನು ಮಾಡಿದ, ತಲೆ ಕೇಳಿದ ತಂದೆಯ ಕೋಟೆಗೆ ಬೆಂಕಿ ಬಿದ್ದಾಗ ಏನು ಮಾಡಿದ ಎಂಬುದನ್ನೇ ಅವರು ಊರೂರಿನಲ್ಲಿ ಸಾಕ್ಷಿ ನುಡಿದರು.

ಹೀಗೆ ನೆನಪಿನ ಬಲದಿಂದಲೇ ಮನುಷ್ಯರನ್ನು ಉಳಿಸಿಕೊಳ್ಳುವುದು ಈ ಸೀಮೆಯ ಗುಣ. ಹಿರಿಯೂರು, ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಊದಿ ಹೊಗಳುವ ಜುಂಜಪ್ಪ, ಸೋದರಮಾವಂದಿರ ವಿಷಕ್ಕೆ ಬಲಿಯಾದ ದನಗಾಹಿ. ಮ್ಯಾಸಬೇಡರ ಗಾದರಿ ಪಾಲನಾಯಕ ಹುಲಿಯೊಡನೆ ಹೋರಾಡಿದವನು. ಇಬ್ಬರೂ ಇಂದು ದೇವರು. ದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಒನಕೆಯಿಂದ ಬಡಿದ ಕಹಳೆಯ ಮುದ್ದಹನುಮನ ಹೆಂಡತಿ ಓಬವ್ವನೂ ಮೊದಲು ಉಳಿದದ್ದು ಜನರ ಬಾಯಲ್ಲಿ. ಜಯಂತಿ, ಕ್ರೀಡಾಂಗಣ, ಪ್ರತಿಮೆಗಳು ಆಮೇಲೆ ಬಂದವು. 1754ರಲ್ಲಿ ಹೊಸದುರ್ಗ ಸೀಮೆಯ ಜಾನಕಲ್ಲಿನಿಂದ ಕರೆತಂದು ದುರ್ಗದ ಗದ್ದುಗೆಗೆ ಕೂರಿಸಿದ ಎಳೆಯ ಮದಕರಿನಾಯಕನನ್ನು 1779ರಲ್ಲಿ ಹೈದರಾಲಿ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅವನ ಹೆಸರು ಹೇಳುವಾಗ ದುರ್ಗದವರ ದನಿ ಇಂದಿಗೂ ಏರುತ್ತದೆ.

ಹಾಡಿನ ಪ್ರಕಾರ ಕುಮಾರರಾಮನ ತಲೆ ದೆಹಲಿಗೆ ಹೋಯಿತು. ಸಾಗರ, ಸೊರಬದ ಕಡೆಯ ಮಲೆನಾಡಿನ ಹಳ್ಳಿಗಳಲ್ಲಿ ಅವನ ಮರದ ತಲೆಗಳನ್ನು ಮಾಡಿ ಪೂಜಿಸುತ್ತ ಬಂದಿದ್ದಾರೆ. ಕೆಂಪು ಬಳಿದ ಮುಖ, ದೊಡ್ಡ ಕಣ್ಣು, ತಿರುಚಿದ ಮೀಸೆ. ಸುಲ್ತಾನನಿಗೆ ಕಪ್ಪವಾಗಿ ಹೋದ ತಲೆಯನ್ನು ಜನ ಹೀಗೆ ಊರಿಗೆ ತಂದುಕೊಂಡರು. ಅತ್ತ ಇಬ್ನ್ ಬತೂತಾ ದೆಹಲಿಯಲ್ಲಿ ಕಂಪಿಲರಾಯನ ಮೂವರು ಮಕ್ಕಳನ್ನು ಕಣ್ಣಾರೆ ಕಂಡಿದ್ದ. ಸೆರೆಯಾಗಿ, ಮತಾಂತರಗೊಂಡು, ನಸ್ರ್, ಬಖ್ತಿಯಾರ್, ಅಬು ಮುಸ್ಲಿಂ ಎಂಬ ಹೆಸರಿನಿಂದ ಸುಲ್ತಾನನ ಬಳಿ ಗೌರವದಲ್ಲೇ ಇದ್ದವರು. ರಾಮನ ಒಡಹುಟ್ಟಿದವರು ಅವರು. ತುಂಗಭದ್ರೆಯ ದಂಡೆಯಲ್ಲಿ ಅವರಿಗೆ ಇಟ್ಟಿದ್ದ ಹೆಸರುಗಳನ್ನು ಆ ಪ್ರವಾಸಿ ಬರೆದಿಡಲಿಲ್ಲ. ಅವರ ಮೇಲೆ ಹಾಡು ಕಟ್ಟುವ ಕವಿ ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.